ಚರ್ಚಿನ ಬೆನ್ನು

"ಗೋಪುರಾನ ಇನ್ನೊಂದು ಗೇಣು ಎತ್ರೋ, ಮೊನೆ ಕಾಣ್ತಿಲ್ಲ," ಎಂದು ಏಣಿಯ ಮೇಲಿಂದ ಕಿಟ್ಟಣ್ಣ ಕೂಗಿದ.

ವಡಪಳನಿಯ ಆ ಓಣಿಯಲ್ಲಿ ಬೆಳಗಿನಿಂದ ಸುತ್ತಿಗೆಯ ಸದ್ದು. ಸಾವಿನ ಮನೆಗೆಂದು ಬಂದವರು ಮದುವೆ ಮನೆಗೆ ಬಂದೆವೇನೋ ಎಂದುಕೊಳ್ಳಬೇಕು, ಅಷ್ಟು ಸಡಗರ. ಸಿನಿಮಾ ಸೆಟ್ಟುಗಳಿಗೆ ಪ್ಲಾಸ್ಟರ್ ಅಚ್ಚು ಹಾಕುತ್ತಿದ್ದ ತಮ್ಮಯ್ಯ ಹಿಂದಿನ ಸಂಜೆ ತೀರಿಕೊಂಡಿದ್ದ. ಕಂಪ್ಯೂಟರಿನಲ್ಲೇ ಅರಮನೆ ಎಬ್ಬಿಸುವ ಕಾಲ ಬಂದು ಕೆಲಸ ಕಡಿಮೆಯಾಗಿದ್ದ ಕೋಡಂಬಾಕ್ಕಂನ ಸೆಟ್ಟಿನವರೆಲ್ಲ ಸೇರಿ, ಅವನ ಚಟ್ಟದ ಮೇಲೆ ಕಡಲತಡಿಯ ಸಾಂತೋಮಿನ ಚರ್ಚನ್ನೇ ಕಟ್ಟುತ್ತಿದ್ದರು. ಥರ್ಮಾಕೋಲಿನ ಮೊನಚು ಕಮಾನು, ಪ್ಲೈವುಡ್ಡಿನ ಗೋಪುರ, ಕಿಟಕಿಗೆ ಬಣ್ಣದ ಗಾಜಿನ ಬದಲು ಲೈಟಿನವರ ಕೆಂಪು, ನೀಲಿ ಜೆಲಟಿನ್ ಹಾಳೆ. ಹೆಂಡತಿ ಜಯಲಕ್ಷ್ಮಮ್ಮನಿಗೆ ಅಳು ಒಂದು ಕಡೆ, ಗೋಪುರ ಹೇಗೆ ಏಳುತ್ತದೋ ಎಂಬ ಕುತೂಹಲ ಇನ್ನೊಂದು ಕಡೆ. ಅಳು ಮರೆತು ಗೋಪುರ ನೋಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ನೋಡಿದಳು.

ಹುಟ್ಟೂರಾದ ಚನ್ನಪಟ್ಟಣದಿಂದ ಬಂದಿದ್ದ ತಮ್ಮಯ್ಯನ ಅಣ್ಣ ಮುಖ ಗಂಟು ಹಾಕಿಕೊಂಡಿದ್ದ.

"ಏನಮ್ಮಾ ಇದು? ನಮ್ಮೋನ್ನ ಏಸಪ್ಪನ ಗುಡೀಲಿ ಮಲಗ್ಸಿ ಕಳಿಸ್ತೀಯಾ?"

"ಅದೂ ಒಬ್ಬ ಸಂತರ ಸಮಾಧಿ ಮೇಲೆ ಕಟ್ಟಿರೋದೇ ಭಾವ. ಮೊದ್ಲು ಪೋರ್ಚುಗೀಸ್ನೋರು ಕಟ್ಟಿದ್ರಂತೆ. ಆಮೇಲೆ ಇಂಗ್ಲಿಷ್ನೋರ ಕಾಲದಲ್ಲಿ ಅದನ್ನ ತೆಗೆದು ಇಷ್ಟೆತ್ತರ ಎಬ್ಬಿಸಿದ್ರಂತೆ. ನಿಮ್ಮ ತಮ್ಮ ಹೇಳೀ ಹೇಳೀ ನಂಗೂ ಬಾಯಿಪಾಠ ಆಗೋಗದೆ."

"ರಾಹುಕಾಲ ಬರೋದ್ರೊಳಗೆ ಎತ್ತಬೇಕು. ಇದು ಮುಗೀಲಿಲ್ಲ ಅಂದ್ರೆ ಕಿತ್ತಾಕಿ ಬರೀ ಚಟ್ಟ ತಗೊಂಡು ಹೋಯ್ತೀವಿ, ಅಷ್ಟೇ."

"ಮುಗೀತಲ್ಲ ಅಣ್ಣ," ಎಂದು ಕಿಟ್ಟಣ್ಣ ಇಳಿದು ಕೈ ಒರೆಸಿಕೊಂಡ. "ಬಾ ಅಕ್ಕ, ನೋಡು."

ಅವಳು ಒಂದು ಸುತ್ತು ಬಂದಳು. ಮುಂದೆ ಚರ್ಚು, ಥೇಟ್ ಚರ್ಚು. ಹಿಂದೆ ಎರಡು ಮರದ ರೀಪರು, ಬಾಗಿದ ಮೊಳೆ, ಬಣ್ಣ ಕಾಣದ ಥರ್ಮಾಕೋಲು.

"ಬೆನ್ನೆಲ್ಲಿ ಕಿಟ್ಟಣ್ಣ?"

ಕಿಟ್ಟಣ್ಣ ನಾಲಿಗೆ ಕಚ್ಚಿಕೊಂಡ. "ಕೈ ರೂಢಿ ಅಕ್ಕ. ಕ್ಯಾಮೆರಾ ಹಿಂದೆ ಬರಲ್ವಲ್ಲ."

*

ಮದುವೆಯಾದ ಹೊಸದರಲ್ಲಿ ತಮ್ಮಯ್ಯ ತಾನು ಅಚ್ಚು ಹಾಕಿದ ಚರ್ಚಿನ ಸೆಟ್ಟು ತೋರಿಸಲು ಅವಳನ್ನು ಕರೆದೊಯ್ದಿದ್ದ. ಬಾಗಿಲು ದಾಟಿದರೆ ಬೊಂಬು, ಗೋಣಿ, ನೆರಳಿಗೆ ಮಲಗಿದ ನಾಯಿ. ಅವಳ ಮುಖ ಸಪ್ಪಗಾಯಿತು. ಮರುವಾರವೇ ಬಸ್ಸು ಹತ್ತಿಸಿ ಸಾಂತೋಮಿಗೆ ಕರೆದುಕೊಂಡು ಹೋದ. ಮುಂಬಾಗಿಲಲ್ಲಿ ನಿಲ್ಲಲೂ ಬಿಡದೆ ನೇರ ಹಿಂದಕ್ಕೆ ನಡೆಸಿದ.

"ನೋಡು, ಇಲ್ಲಿಗೆ ಯಾರೂ ಬರಲ್ಲ. ಆದ್ರೂ ಕಮಾನಿಗೆ ಅದೇ ಮೊನೆ, ಗೋಡೆಗೆ ಅದೇ ಆಸರೆ. ನಾನೂ ಒಂದಿನ ಬೆನ್ನಿರೋ ಚರ್ಚು ಕಟ್ಟಬೇಕು ಕಣೇ."

ಯಾವ ನಿರ್ಮಾಪಕ ಬೆನ್ನು ಕಟ್ಟಿಸುತ್ತಾನೆ? ತಮ್ಮಯ್ಯ ಜೀವಮಾನವಿಡೀ ಮುಖಗಳನ್ನೇ ಕಟ್ಟಿದ. ಶೂಟಿಂಗ್ ಮುಗಿದರೆ ಅವನ್ನೂ ಕಿತ್ತು ಹಾಕುತ್ತಿದ್ದರು.

*

"ಇವತ್ತು ಜನ ಹಿಂದೇನೇ ತಾನೇ ಬರೋದು?" ಎಂದಳು ಜಯಲಕ್ಷ್ಮಮ್ಮ. "ಸುಡುಗಾಡಿಗೆ ಹೆಂಗಸ್ರು ಬರಂಗಿಲ್ಲ. ನಾನು ಬಾಗಿಲಲ್ಲಿ ನಿಲ್ಲೋಳು. ನಂಗೆ ಕಾಣೋದು ಬೆನ್ನೊಂದೇ."

ಮರುಗಳಿಗೆಗೆ ಗರಗಸ ಎದ್ದಿತು. ಒಬ್ಬ ಕಮಾನು ಕೊಯ್ದ, ಒಬ್ಬ ಕಿಟಕಿಗೆ ಬಣ್ಣದ ಹಾಳೆ ಅಂಟಿಸಿದ. ಮಗಳು ಪಾವನಾ ಅಳುತ್ತಲೇ ಬಿಳಿ ಬಣ್ಣ ಬಳಿದಳು.

"ಪೇಂಟ್ ಇನ್ನುಂ ಕಾಯಲಮ್ಮಾ," ಎಂದಳು ತಮಿಳಿನಲ್ಲಿ.

"ಒಣಗಲಿಲ್ಲ ಅಂದ್ರೆ ಟೇಬಲ್ ಫ್ಯಾನ್ ತಂದಿಡು."

ಭಾವ ಗಡಿಯಾರ ನೋಡಿದ. ಚಟ್ಟ ನೋಡಿದ. ಕೊನೆಗೆ ಅಂಗಿಯ ತೋಳು ಮಡಚಿ ಬಂದು ರೀಪರು ಹಿಡಿದುಕೊಂಡ.

"ಸೊಟ್ಟ ಅದೆ ಕಣಯ್ಯ, ಎಡಕ್ಕೆ ತಿರುಗ್ಸು."

"ರಾಹುಕಾಲ ಬಂತಲ್ಲಣ್ಣ," ಎಂದ ಕಿಟ್ಟಣ್ಣ.

"ಬರಲಿ ಬಿಡು. ಸತ್ತೋನಿಗೆ ರಾಹು ಇನ್ನೇನು ಮಾಡಾನು? ಮೊಳೆ ಹೊಡಿ."

ತಮಟೆ ಮೊಳಗಿತು. ಚರ್ಚು ಪಡುವಣಕ್ಕೆ ಹೊರಟಿತು. ಜಯಲಕ್ಷ್ಮಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಇಳಿಬಿಸಿಲು ಮುಂದಿನ ಕಿಟಕಿಯಿಂದ ಹೊಕ್ಕು ಹಿಂದಿನ ಕಿಟಕಿಯಿಂದ ಹೊರಬೀಳುತ್ತಿತ್ತು. ಚಟ್ಟದ ಹಿಂದೆ ಬೀದಿಯ ಮೇಲೆ ಉದ್ದಕ್ಕೆ ಬಿದ್ದ ಆ ನೆರಳಿನೊಳಗೆ ಭಾವ ಎರಚುತ್ತಿದ್ದ ಬಿಳಿಯ ಪುರಿ ಒಂದು ಹಿಡಿ ಕೆಂಪಾಗಿ, ಒಂದು ಹಿಡಿ ನೀಲಿಯಾಗಿ ಬೀಳುತ್ತಿತ್ತು.