ಹಸಿರು ತೊಳೆದ ನೀರು

"ಇಲ್ಲಿದ್ದ ಹಸಿರು ತಟ್ಟೆ ಎಲ್ಲಿ ಅಕ್ಕಾ?"

ಸಂಶೋಧಕಿ ಕೇಳಿದಾಗ ಗಾಜಿನಕ್ಕ ನಲ್ಲಿ ನಿಲ್ಲಿಸಿ ತಿರುಗಿದಳು. ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯಲು ಬಂದು ಹದಿನೆಂಟು ವರ್ಷ. ಒಂದು ಕೊಳವೆಯನ್ನೂ ಒಡೆದವಳಲ್ಲ ಎಂಬ ಜಂಬ ಬೇರೆ. ತೊಳೆಯಲಿಟ್ಟಿದ್ದ ಟ್ರೇಯ ಪಕ್ಕದಲ್ಲಿದ್ದ ಆ ಪುಟ್ಟ ಗಾಜಿನ ತಟ್ಟೆಯ ತಳದ ಹಸಿರನ್ನು ಪಾಚಿಯೆಂದುಕೊಂಡು, ದ್ರಾವಕ ಸುರಿದು, ಫಳಫಳ ಹೊಳೆಯುವಂತೆ ತೊಳೆದಿಟ್ಟಿದ್ದಳು.

"ತೊಳೆದ್ಬಿಟ್ಟೆ ಕಣಮ್ಮಾ." ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

ಸಂಶೋಧಕಿ ಸ್ಟೂಲಿನ ಮೇಲೆ ಕುಸಿದು ಕೂತಳು. ಐದು ವರ್ಷದಿಂದ ಆ ಹುಡುಗಿ ಹಸಿರಿಗಾಗಿ ಒದ್ದಾಡಿದ್ದನ್ನು ಗಾಜಿನಕ್ಕ ಕಣ್ಣಾರೆ ಕಂಡಿದ್ದಳು. ಅದು ಬಂದದ್ದು ಒಂದೇ ಸಲ, ನಿನ್ನೆ, ಗಾಜಿನಕ್ಕ ಮನೆಗೆ ಹೋದ ಮೇಲೆ. ಇವತ್ತು ಮೂರು ಗಂಟೆಗೆ ತೋರಿಸದಿದ್ದರೆ ಈ ಕೆಲಸ ಇಲ್ಲಿಗೇ ಸಾಕು ಎಂದು ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು.

"ತೊಳೆದಿದ್ದು ಸಿಂಕಿಗೆ ಹೋಯ್ತಾ?"

"ಸಿಂಕಿಗೆ ಯಾಕೆ ಸುರೀಲಿ? ದ್ರಾವಕನ ಬೀಕರಿಗೇ ಹಾಕ್ಬೇಕು ಅಂತ ನೀವೇ ಬೋರ್ಡು ಬರೆದಿದ್ದೀರಲ್ಲ. ಇಲ್ಲೇ ಇದೆ. ಆದ್ರೆ ಇದ್ರಲ್ಲಿ ಹಸಿರೇ ಇಲ್ಲ ನೋಡಮ್ಮ, ಎಲ್ಲಿ ಹೋಯ್ತೋ!"

ಹುಡುಗಿ ಬೀಕರನ್ನು ಬೆಳಕಿಗೆ ಹಿಡಿದಳು. "ಬಣ್ಣ ಅಂತ ನಾನು ಹಾಕೇ ಇಲ್ಲ ಅಕ್ಕಾ. ಇದ್ರಲ್ಲಿರೋ ಸಣ್ಣ ಸಣ್ಣ ಎಳೆಗಳು ಒಣಗ್ತಾ ಒಣಗ್ತಾ ಪದರ ಪದರವಾಗಿ ತಾವೇ ಕೂತ್ಕೋಬೇಕು. ಸರಿಯಾಗಿ ಕೂತ್ರೆ ಬೆಳಕಿನಲ್ಲಿ ಹಸಿರನ್ನಷ್ಟೇ ವಾಪಸ್ ಕಳಿಸ್ತವೆ. ಇನ್ನೊಂದ್ಸಲ ಕೂತ್ಕೊಳ್ತವೋ ಇಲ್ವೋ."

"ನಾವೇ ಜೋಡಿಸೋಕಾಗಲ್ವಾ?"

"ಅಷ್ಟು ಸಣ್ಣದನ್ನ ಹಿಡಿಯೋ ಬೆರಳು ಯಾರಿಗಿದೆ?"

ತೊಳೆದ ನೀರನ್ನು ಅದೇ ತಟ್ಟೆಗೆ ಸುರಿದು, ಮುಚ್ಚಳವನ್ನು ಓರೆಯಾಗಿಟ್ಟರು. ಹನ್ನೊಂದಾಯಿತು, ಒಂದಾಯಿತು. ಇಬ್ಬರಿಗೂ ಊಟದ ನೆನಪಿಲ್ಲ. ಗಾಜಿನಕ್ಕ ಮನಸ್ಸಿನಲ್ಲೇ ತನಗೆ ಶಾಪ ಹಾಕಿಕೊಳ್ಳುತ್ತಿದ್ದಳು.

ಎರಡು ದಾಟಿದ ಮೇಲೆ ಅಂಚಿನಲ್ಲಿ ಮಂಕು ಕೆಂಪು ಕಾಣಿಸಿತು. ಗಾಜಿನಕ್ಕ ತಟ್ಟೆಯ ಮೇಲೆ ಬಾಗಿದಳು. ಕೆಂಪು ಒಳಗೊಳಗೆ ಸರಿಯಿತು, ಅದರ ಬೆನ್ನಿಗೇ ಹಳದಿ. ಯಾರೂ ಮುಟ್ಟಲಿಲ್ಲ, ಯಾರೂ ಊದಲಿಲ್ಲ. ಹಳದಿ ಸರಿದ ಜಾಗದಲ್ಲೆಲ್ಲ ಹಸಿರು ನಿಂತಿತು, ಆಗತಾನೇ ಚಿಗುರಿದ ಎಲೆಯ ಹಸಿರು.

"ಅಯ್ಯಯ್ಯೋ, ತಾನಾಗೇ ಬಂತಲ್ಲಮ್ಮಾ!" ಅವಳ ಕಣ್ಣು ತುಂಬಿತು. ಹದಿನೆಂಟು ವರ್ಷದಲ್ಲಿ ತಾನು ಕಲೆಯೆಂದು ತಿಕ್ಕಿ ತೆಗೆದದ್ದರಲ್ಲಿ ಏನೇನಿತ್ತೋ ಎಂದು ಮೈ ಜುಂ ಎಂದಿತು.

ಹುಡುಗಿ ನಗುತ್ತ ಅಳುತ್ತಿದ್ದಳು. ಹೊರಗೆ ಮೇಷ್ಟ್ರ ಚಪ್ಪಲಿಯ ಸದ್ದು ಕೇಳಿತು. ಅವಳು ದ್ರಾವಕದ ಬಾಟಲಿಯನ್ನು ಗಾಜಿನಕ್ಕನ ಕೈಗಿಟ್ಟಳು.

"ಅವರ ಕಣ್ಣೆದುರೇ ಇನ್ನೊಂದ್ಸಲ ತೊಳೀರಿ ಅಕ್ಕಾ. ಮತ್ತೆ ಬರೋದನ್ನ ಅವರೂ ನೋಡ್ಲಿ."

ಬಾಗಿಲು ತೆರೆಯಿತು. ಗಾಜಿನಕ್ಕ ಬಾಟಲಿಯನ್ನು ತಟ್ಟೆಯ ಮೇಲಕ್ಕೆ ತಂದಳು. ಆದರೆ ಬಗ್ಗಿಸಲು ಕೈ ಬರಲಿಲ್ಲ.