ಇಪ್ಪತ್ತಮೂರು ಜನರ ಒಂದೇ ಅಭಿಪ್ರಾಯ

ನಮ್ಮ ಸಾಫ್ಟ್‌ವೇರ್ ಕಂಪನಿ ಒಂದು ಲಾಂಡ್ರಿಯ ಕೆಲಸಗಾರರಿಗೆ ಕಳಿಸಿದ್ದ ಪ್ರಶ್ನಾವಳಿಗೆ ಇಪ್ಪತ್ತಮೂರು ಜನರಲ್ಲಿ ಇಪ್ಪತ್ತಮೂರೂ ಜನ ಉತ್ತರ ತುಂಬಿದ್ದರು. ನಮ್ಮ ಟೀಮಿನ ಹಿರಿಯ ಡಿಸೈನರ್ ನಂಬಿಕೆ ಬಾರದೆ ಎರಡು ಸಲ ಎಣಿಸಿದರು. ಅವರನ್ನು ನಾವು ಸ್ಟಿಕ್ಕರ್ ಸಾರ್ ಎನ್ನುತ್ತೇವೆ, ಎದುರಿಗಲ್ಲ. ಗೋಡೆಗೆ ಹಳದಿ ಚೀಟಿ ಅಂಟಿಸದಿದ್ದರೆ ಅವರಿಗೆ ಯೋಚನೆಯೇ ಹುಟ್ಟುವುದಿಲ್ಲ.

“ನನ್ನ ಸರ್ವಿಸಲ್ಲಿ ಅರ್ಧ ಜನ ಉತ್ತರ ಕೊಟ್ಟಿದ್ದೂ ನೆನಪಿಲ್ಲ,” ಎಂದರು. “ಇಲ್ಲಿ ನೋಡು, ಎಲ್ಲರದೂ ಒಂದೇ ಮಾತು. ಅಕ್ಷರ ದೊಡ್ಡದು ಮಾಡಿ, ಮೌಸ್ ಬೇಡ, ಎಲ್ಲಾ ಕೀಬೋರ್ಡಲ್ಲೇ ಆಗ್ಲಿ. ನಮ್ಮನೇಲಿ ಇರೋದು ನಾಲ್ಕು ಜನ, ಫ್ಯಾನ್ ಎಷ್ಟರಲ್ಲಿ ತಿರುಗಬೇಕು ಅನ್ನೋದಕ್ಕೇ ಐದು ಅಭಿಪ್ರಾಯ.”

ಇಂಥ ಒಮ್ಮತ ಕಂಡು ಅನುಮಾನ ಪಡಬೇಕಿತ್ತು. ನಾವು ಖುಷಿಪಟ್ಟೆವು.

ನಾನಾಗ ಆ ಕಂಪನಿಯಲ್ಲಿ ಇಂಟರ್ನ್. ಕಾಲೇಜಿನ ಕೊನೆಯ ಸೆಮಿಸ್ಟರು. ಹೋಟೆಲು, ಆಸ್ಪತ್ರೆಗಳ ಹಾಸು ಹೊದಿಕೆ ಟವೆಲ್ಲು ಒಗೆದುಕೊಡುವ ದೊಡ್ಡ ಲಾಂಡ್ರಿಯೊಂದು ತನ್ನ ಹಳೆಯ ಸಾಫ್ಟ್‌ವೇರ್ ಬಿಸಾಡಿ ಹೊಸದು ಮಾಡಿಸಲು ನಮ್ಮ ಹತ್ತಿರ ಬಂದಿತ್ತು. ಯಾವ ಮೂಟೆಯನ್ನು ಯಾರು ಒಗೆದರು, ಯಾರು ಇಸ್ತ್ರಿ ಮಾಡಿದರು, ಯಾರು ಮಡಿಸಿದರು ಎಂದು ಪ್ರತಿಯೊಬ್ಬ ಕೆಲಸಗಾರನೂ ತನ್ನದೇ ಹೆಸರಿನಲ್ಲಿ ಕಂಪ್ಯೂಟರಿಗೆ ತುಂಬಬೇಕೆನ್ನುವುದು ಅಲ್ಲಿನ ನಿಯಮ. ಹಳೆಯ ಸಾಫ್ಟ್‌ವೇರಿನಲ್ಲಿ ಒಂದು ಮೂಟೆಗೆ ಏಳು ಪರದೆ. ಆರನೆಯದರಲ್ಲಿ ತಪ್ಪಿದರೆ ಮತ್ತೆ ಒಂದನೆಯದು. ಹಾವು ಏಣಿ ಆಟದಲ್ಲಿ ಏಣಿಯಾದರೂ ಇರುತ್ತದೆ.

“ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ ಅಂತ ಜನ ನಗ್ತಾರಲ್ಲ, ನಾವು ನಗಬಾರದು,” ಎಂದು ಸ್ಟಿಕ್ಕರ್ ಸಾರ್ ನನಗೆ ಬುದ್ಧಿ ಹೇಳಿದ್ದರು. “ನಮ್ಮ ವೃತ್ತೀಲಿ ಯಾವತ್ತೂ ನೆಲವೇ ಡೊಂಕು. ಮೂರು ವಾರ ಅಲ್ಲೇ ಇದ್ದು ನೆಲ ನೋಡ್ಕೊಂಡು ಬಾ.” ಸಾಫ್ಟ್‌ವೇರ್ ಲಾಂಡ್ರಿ ಮಾಲೀಕರಿಗೆ ಮೆಚ್ಚುಗೆಯಾದರೆ ಕಂಪನಿಯಲ್ಲೇ ನನಗೆ ಕೆಲಸ ಎಂದೂ ಹೇಳಿದ್ದರು.

ಹೋದ ಮೊದಲ ದಿನ ಕೂರಲು ಜಾಗ ಹುಡುಕಿದೆ. ಆ ಉದ್ದದ ಹಾಲಿನಲ್ಲಿ ಇದ್ದದ್ದು ಒಂದೇ ಕುರ್ಚಿ, ಮೂಲೆಯ ಕಂಪ್ಯೂಟರಿನ ಮುಂದೆ. ಅದರಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಎಡಗಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿ ಕೂತಿದ್ದರು. ಎಲ್ಲರೂ ಅವರನ್ನು ಕುರ್ಚಿ ಅಕ್ಕ ಎನ್ನುತ್ತಿದ್ದರು.

“ಇದೊಂದು ಬಿಟ್ಟು ಎಲ್ಲಿ ಬೇಕಾದ್ರೂ ಕೂತ್ಕೊಳಮ್ಮ,” ಎಂದರು ಅಕ್ಕ.

ನಾನು ಟವೆಲ್ ಮೂಟೆಯ ಮೇಲೆ ಕೂತೆ. ಹಾಲಿನ ತುಂಬ ಬಿಸಿ ಹಬೆ. ಸ್ಟಿಕ್ಕರ್ ಸಾರ್ ಕೊಟ್ಟ ಹಳದಿ ಚೀಟಿಗಳನ್ನು ಅಂಟಿಸಿದ ಐದೇ ನಿಮಿಷಕ್ಕೆ ಅವು ಗೋಡೆ ಬಿಟ್ಟು ನೆಲಕ್ಕೆ ಬಿದ್ದವು. ಯಾರಾದರೂ ಕೈ ಆಡಿಸಿದ ಕೂಡಲೇ ಓಡಿಹೋಗಿ “ಈಗ ಯಾವ ಬಟನ್ ಒತ್ತಿದ್ರಿ?” ಎಂದು ಕೇಳುತ್ತಿದ್ದೆ. ಅವರು ಹೆಚ್ಚಾಗಿ ಮೂಗು ಒರೆಸಿಕೊಂಡಿರುತ್ತಿದ್ದರು. ಊಟದ ಹೊತ್ತಿಗೆ ನನ್ನ ಹೆಸರು ಬಟನ್ನು ಎಂದಾಯಿತು.

ಎರಡನೆಯ ದಿನ ನನಗೆ ಹೊಳೆಯಿತು: ಅಕ್ಕನನ್ನು ಬಿಟ್ಟರೆ ಬೆಳಗಿನಿಂದ ಒಬ್ಬರೂ ಕಂಪ್ಯೂಟರಿನ ಕಡೆ ಸುಳಿದಿಲ್ಲ.

ಗೋಡೆಯುದ್ದಕ್ಕೂ ಮೊಳೆಗಳಿದ್ದವು. ಪ್ರತಿ ಮೊಳೆಯಲ್ಲೂ ಹರಿದ ಹಾಸಿನಿಂದ ಸೀಳಿದ ಒಂದೊಂದು ಪಟ್ಟಿ. ಹಾಸಿನ ಮೂಟೆ ಮುಗಿದರೆ ದೊಡ್ಡ ಗಂಟು, ಟವೆಲ್ಲಿಗೆ ಸಣ್ಣ ಗಂಟು, ಆಸ್ಪತ್ರೆಯದಾದರೆ ಎರಡು ಸುತ್ತಿನ ಗಂಟು. ಒದ್ದೆ ಕೈಗೆ ಪೆನ್ನು ನಿಲ್ಲುವುದಿಲ್ಲ, ಕಾಗದ ಮೆತ್ತಗಾಗುತ್ತದೆ, ಗಂಟು ಮಾತ್ರ ಬಿಗಿಯಾಗುತ್ತದೆ. ಮಧ್ಯಾಹ್ನ ಮೂರಕ್ಕೆ ಇಪ್ಪತ್ತೆರಡು ಪಟ್ಟಿಗಳೂ ಅಕ್ಕನ ಮಡಿಲಿಗೆ ಬಂದವು. ಅಕ್ಕ ಒಂದನ್ನು ಎಡಗೈಯಲ್ಲಿ ತಡವುತ್ತ, ಕಣ್ಣು ಪರದೆಯಲ್ಲಿಟ್ಟು, ಬಲಗೈಯಿಂದ ತುಂಬುತ್ತಾ ಹೋದರು. ಒಬ್ಬರದು ಮುಗಿದರೆ ಹೊರಬಂದು ಇನ್ನೊಬ್ಬರ ಹೆಸರಿನಲ್ಲಿ ಒಳಹೋಗುವುದು. ಸಂಜೆ ಏಳಕ್ಕೆ ಇಪ್ಪತ್ತಮೂರು ಜನರೂ ನಿಷ್ಠೆಯಿಂದ ಸಾಫ್ಟ್‌ವೇರ್ ಬಳಸಿಯಾಗಿತ್ತು.

“ಹಾಗಾದ್ರೆ ನಮ್ಮ ಪ್ರಶ್ನಾವಳಿ?” ಎಂದೆ.

“ಅದೂ ನಾನೇ. ಒಂದು ಸಂಜೆ ಪೂರ್ತಿ ಹಾಳಾಯ್ತು. ‘ನಿಮ್ಮ ಭಾವನೆಗೆ ಹತ್ತಿರವಾದ ಮುಖ ಆರಿಸಿ’ ಅಂತ ಕೇಳಿದ್ರಲ್ಲ, ಇಪ್ಪತ್ಮೂರು ಸಲ ಒಂದೇ ಮುಖ ಆರಿಸೋಕೆ ನಾಚಿಕೆಯಾಗಿ ಇಬ್ಬರಿಗೆ ನಗೋ ಮುಖ ಹಾಕ್ದೆ.”

ಇಸ್ತ್ರಿಯ ದೊಡ್ಡ ರೋಲರ್ ನಡೆಸುವ ರೋಲರ್ ಮಾವ ಪಕ್ಕದಲ್ಲೇ ನಿಂತಿದ್ದರು. “ಅದಕ್ಕೇ ನನ್ನ ಹೆಸರಲ್ಲಿ ನಗು ಬಂದಿತ್ತಾ? ಮನೇಲೂ ಯಾರೂ ನೋಡಿಲ್ಲ ಅದನ್ನ.”

ವಿಷಯ ಪೂರ್ತಿ ಹೇಳಿದ್ದು ಮಾವನೇ. ಹನ್ನೊಂದು ವರ್ಷದ ಹಿಂದೆ ಅಕ್ಕ ಒದ್ದೆ ನೆಲದಲ್ಲಿ ಜಾರಿ ಬಿದ್ದಿದ್ದರು. ಆಪರೇಷನ್ ಆದರೂ ಮಂಡಿ ಮಡಚಲಿಲ್ಲ. ಶಿಫ್ಟು ಪೂರ್ತಿ ನಿಲ್ಲಲಾಗದವರಿಗೆ ಕೆಲಸವಿಲ್ಲ ಎನ್ನುವುದು ಮಾಲೀಕರ ನಿಯಮ. ಆಗ ಉಳಿದವರು ಒಂದು ಒಪ್ಪಂದಕ್ಕೆ ಬಂದರು: ಅಕ್ಕನ ಪಾಲಿನ ಮಡಿಸುವ ಕೆಲಸ ಇವರು ಹಂಚಿಕೊಳ್ಳುವುದು, ಇವರೆಲ್ಲರ ಕಂಪ್ಯೂಟರ್ ಕೆಲಸ ಅಕ್ಕ ಮಾಡುವುದು. ಪುಸ್ತಕದಲ್ಲಿ ಅಕ್ಕ ಇವತ್ತಿಗೂ ನಿಂತು ಮಡಿಸುತ್ತಿದ್ದಾರೆ.

“ಮಾಲೀಕರು ಕೆಳಗೆ ಬಂದು ನೋಡಲ್ವಾ?”

“ಬರ್ತಾರೆ, ಕನ್ನಡಕಕ್ಕೆ ಹಬೆ ಕೂರುತ್ತೆ. ಒರೆಸ್ಕೊಳ್ಳೋದ್ರೊಳಗೆ ಹೊರಟೇಬಿಡ್ತಾರೆ. ದೇವರು ಒಂದೊಂದು ಕಡೆ ಒಂದೊಂದು ಅನುಕೂಲ ಮಾಡಿರ್ತಾನೆ ಬಟನ್ನು.”

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಯಾರಿಗಾದರೂ ಅರ್ಥವಾಗಬೇಕಿದ್ದುದು ಒಂದು. ನನಗೆ ಆದದ್ದು ಇನ್ನೊಂದು. ಈ ಜನ ಕಂಪ್ಯೂಟರ್ ಮುಟ್ಟದಿರುವುದಕ್ಕೆ ಒದ್ದೆ ಕೈಯೇ ಕಾರಣ ಎಂದು ತಲೆಯಲ್ಲಿ ಕೂತುಬಿಟ್ಟಿತು. ನೆಲ ಡೊಂಕಿದೆ, ನೆಟ್ಟಗೆ ಮಾಡಿದರಾಯಿತು. ಮೂರು ವಾರ ನಿದ್ದೆ ಬಿಟ್ಟೆ. ಒಬ್ಬೊಬ್ಬರ ಮೇಜಿಗೂ ಒಂದೊಂದು ಪರದೆ, ನೀರು ಬಿದ್ದರೂ ಕೆಡದ್ದು. ಬೆರಳು ಬೇಡ, ಗೆಣ್ಣಿನಿಂದ ಒತ್ತಿದರೂ ಸಾಕು. ಏಳು ಪರದೆಯ ಬದಲು ಎರಡೇ ಗುಂಡಿ: ಯಾವ ಮೂಟೆ, ಮುಗಿಯಿತು. ಎಲ್ಲದಕ್ಕೂ ಅಕ್ಕನನ್ನೇ ಕೇಳುತ್ತಿದ್ದೆ. ಹಸಿರು ಬಣ್ಣ ಹಬೆಯಲ್ಲಿ ಕಾಣುವುದಿಲ್ಲ ಎಂದವರು ಅಕ್ಕ, ಎರಡು ಗುಂಡಿಗಳನ್ನು ದೂರ ದೂರ ಇಡು, ಅವಸರದಲ್ಲಿ ತಪ್ಪಿ ಒತ್ತುತ್ತಾರೆ ಎಂದವರೂ ಅಕ್ಕ. ಅವರ ಕುತ್ತಿಗೆಯ ಕುಣಿಕೆಗೆ ಅವರ ಕೈಯಿಂದಲೇ ಅಳತೆ ತೆಗೆಸಿದೆ.

ಮಾದರಿ ತಂದು ಒಬ್ಬೊಬ್ಬರ ಕೈಗೂ ಕೊಟ್ಟೆ. ಆಟದ ಸಾಮಾನು ಸಿಕ್ಕಂತೆ ಒತ್ತಿದರು. ರೋಲರ್ ಮಾವ ಮೊಣಕೈಯಿಂದ ಒತ್ತಿ ತೋರಿಸಿದರು. ಸರಾಸರಿ ಒಂದು ಮೂಟೆಗೆ ಒಂಬತ್ತು ಸೆಕೆಂಡು ಎಂದು ವರದಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಮಾಲೀಕರಿಗೆ ಕಳಿಸಿದೆ.

ಅವತ್ತು ಸಂಜೆ ಅಕ್ಕ ಪರದೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಚೆನ್ನಾಗಿ ಮಾಡಿದೀಯ. ಇದು ಬಂದ ಮೇಲೆ ಮೂರು ಗಂಟೆಗೆ ನಾನೇನ್ ಮಾಡ್ಲಿ?”

“ರೆಸ್ಟ್ ತಗೊಳಿ ಅಕ್ಕ.”

“ರೆಸ್ಟ್ ತಗೊಳೋರಿಗೆ ಇಲ್ಲಿ ಕುರ್ಚಿ ಹಾಕಲ್ಲ, ಗೇಟ್ ತೋರಿಸ್ತಾರೆ,” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅಕ್ಕ ಬೈಯಲಿಲ್ಲ. ಮಗಳ ಓದು ಮುಗಿಯಲು ಇನ್ನೊಂದು ವರ್ಷ ಇದೆ, ಅಲ್ಲಿಯವರೆಗೆ ತಳ್ಳಿದ್ದರೆ ಸಾಕಿತ್ತು ಎಂದಷ್ಟೇ ಹೇಳಿ ಮುಂದಿನ ಪಟ್ಟಿ ಎತ್ತಿಕೊಂಡರು.

ಆಫೀಸಿಗೆ ಓಡಿ ಸ್ಟಿಕ್ಕರ್ ಸಾರ್ ಮುಂದೆ ಎಲ್ಲ ಒದರಿದೆ. ಅವರು ಎದ್ದು ಬಾಗಿಲು ಹಾಕಿದರು.

“ಇಪ್ಪತ್ಮೂರು ಯೂಸರ್ ಅಂತ ನಮ್ಮ ಒಪ್ಪಂದ. ಇರೋದು ಒಬ್ಬರೇ ಅಂತ ಗೊತ್ತಾದ್ರೆ ಈ ಪ್ರಾಜೆಕ್ಟೇ ಇಲ್ಲ. ನೀನು ಹೇಳಿಲ್ಲ, ನಾನು ಕೇಳಿಲ್ಲ.”

“ಅಕ್ಕನ ಕೆಲಸ ಹೋಗುತ್ತೆ ಸಾರ್.”

“ಅದು ನಮ್ಮ ಸ್ಕ್ರೀನಲ್ಲಿ ಬರಲ್ಲವಲ್ಲ,” ಎಂದರು. ಕೆಟ್ಟವರೇನಲ್ಲ. ಹಳದಿ ಚೀಟಿಯೊಂದನ್ನು ಎತ್ತಿಕೊಂಡು, ಏನೂ ಬರೆಯದೆ ಅದನ್ನು ಗೋಡೆಗೆ ಅಂಟಿಸಿದರು.

ಸೋಮವಾರ ಮಾಲೀಕರ ಎದುರು ಪ್ರದರ್ಶನ. ಮೇಜುಗಳ ಮೇಲೆ ಪರದೆಗಳು ಸಾಲಾಗಿ ಹೊಳೆಯುತ್ತಿದ್ದವು. ಮಾಲೀಕರು ಕನ್ನಡಕ ಒರೆಸಿಕೊಳ್ಳುತ್ತ ಬಂದರು. ಒಂದು ಮೂಟೆಯ ಲೆಕ್ಕ ತುಂಬಿ ತೋರಿಸಿ ಎಂದು ಸ್ಟಿಕ್ಕರ್ ಸಾರ್ ರೋಲರ್ ಮಾವನನ್ನು ಕರೆದರು.

ಊಟದ ಹೊತ್ತಿನಲ್ಲಿ ಫೋನಿನ ಆಟದಲ್ಲಿ ಇಡೀ ಲಾಂಡ್ರಿಯನ್ನು ಸೋಲಿಸುವ ಮಾವ, ಪರದೆಯ ಮುಂದೆ ಕೈಕಟ್ಟಿ ನಿಂತರು.

“ಒತ್ತಿ,” ಎಂದರು ಸಾರ್.

“ಎಲ್ಲಿ ಒತ್ಲಿ?”

“ಇರೋದೇ ಎರಡು ಗುಂಡಿ.”

“ಅದೇ ಕಷ್ಟ ನೋಡಿ, ಹಳೇದಕ್ಕೆ ಕೈ ಪಳಗಿತ್ತು. ಒಂದಿದ್ದಿದ್ರೆ ಒತ್ತಿಬಿಡ್ತಿದ್ದೆ.” ಮಾವ ಅಂಗೈ ಪೂರ್ತಿ ಪರದೆಯ ಮೇಲಿಟ್ಟು, ಹಾಸು ನೇರ ಮಾಡುವ ಹಾಗೆ ಮೇಲಿಂದ ಕೆಳಕ್ಕೆ ನೀವಿದರು. ಪರದೆಯ ಮೇಲಿದ್ದದ್ದೆಲ್ಲ ಅಳಿಸಿಹೋಯಿತು.

ಮುಂದಿನ ಹೆಂಗಸು ಪರದೆಗೆ ಬೆರಳು ತಾಗಿಸಿ, ಶಾಕ್ ಹೊಡೆದಂತೆ ಹಿಂದೆ ಸರಿದರು. ಮೂರನೆಯವರು ಅದನ್ನು ಎತ್ತಿ ಕಿವಿಗೆ ಹಿಡಿದರು. ಐದನೆಯವರು ಅದರ ಮೇಲೆ ಟವೆಲ್ ಮಡಿಸಿಟ್ಟರು. ಮೊನ್ನೆಯಷ್ಟೇ ಸಲೀಸಾಗಿ ಕುಣಿದಿದ್ದವರೆಲ್ಲ ಒಂದೇ ದಿನ ಹೆಜ್ಜೆ ಮರೆತರು. ಅಕ್ಕ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಇದನ್ನು ಯಾರು ಯಾವಾಗ ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

ಮಾಲೀಕರು ನನ್ನ ವರದಿ ಬಿಚ್ಚಿದರು. “ಒಂಬತ್ತು ಸೆಕೆಂಡ್ ಅಂತ ಬರ್ದಿದೀರಲ್ಲ. ಇವರು ಒಂಬತ್ತು ದಿನ ತಗೊಳೋ ಹಾಗೆ ಕಾಣುತ್ತೆ.”

ಸ್ಟಿಕ್ಕರ್ ಸಾರ್ ನನ್ನನ್ನು ನೋಡಿದರು. ಉತ್ತರ ಸುಲಭವಿತ್ತು: ನಾಟಕ ಮಾಡ್ತಿದ್ದಾರೆ ಸಾರ್, ನನ್ನ ಹತ್ರ ವಿಡಿಯೋ ಇದೆ. ವಿಡಿಯೋ ನಿಜಕ್ಕೂ ಇತ್ತು, ಮೊಣಕೈ ಸಮೇತ. ಅದನ್ನು ತೋರಿಸಿದ್ದರೆ ನನ್ನ ಕೆಲಸ ಅವತ್ತೇ ಖಾತ್ರಿ.

“ಆ ಟೈಮು ಒಬ್ಬರದೇ ಸಾರ್,” ಎಂದೆ. “ಅದನ್ನ ಎಲ್ಲರದೂ ಅಂತ ಬರೆದಿದ್ದು ನನ್ನ ತಪ್ಪು.”

“ಯಾರದ್ದು?”

“ಆ ಅಕ್ಕಂದು.”

ಅದು ಸುಳ್ಳು. ಅಕ್ಕನದು ಆರು ಸೆಕೆಂಡು.

ಮಾಲೀಕರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಅಕ್ಕನನ್ನು ನೋಡಿದರು. ಕುರ್ಚಿಯಲ್ಲಿ ಯಾಕೆ ಕೂತಿದ್ದೀರಿ ಎಂದು ಈಗ ಕೇಳಿಯೇಬಿಡುತ್ತಾರೆ ಎಂದುಕೊಂಡೆ.

“ಒಬ್ಬರು ಒಂಬತ್ತು ಸೆಕೆಂಡಲ್ಲಿ ಮಾಡೋದನ್ನ ಇಪ್ಪತ್ತೆರಡು ಜನರ ಕೈಲಿ ಯಾಕೆ ಮಾಡಿಸ್ಬೇಕು?” ಎಂದರು, ನಿಧಾನವಾಗಿ, ಮಾತು ಬಾಯಿಂದ ಬರುವಾಗಲೇ ಅದಕ್ಕೆ ತಾವೇ ಬೆರಗಾಗುತ್ತ. “ಎಲ್ಲರದೂ ಇವರೇ ತುಂಬ್ಲಿ. ಉಳಿದವರು ಅವರವರ ಕೆಲಸ ನೋಡ್ಕೊಳ್ಳಿ. ಈ ಯೋಚನೆ ನಿಮಗ್ಯಾರಿಗೂ ಬರಲಿಲ್ವಲ್ಲ.”

“ನಮಗೆ ಎಲ್ಲಿ ಬರಬೇಕು ಸಾರ್,” ಎಂದರು ರೋಲರ್ ಮಾವ.

“ನಮ್ಮಲ್ಲಿ ಇದನ್ನ ಕೇಂದ್ರೀಕೃತ ವಿಧಾನ ಅಂತೀವಿ,” ಎಂದು ಸ್ಟಿಕ್ಕರ್ ಸಾರ್ ಕೂಡಲೇ ಸೇರಿಸಿದರು. “ಹೊಸ ಪ್ರಪಂಚವೆಲ್ಲ ಈಗ ಆ ಕಡೆಗೇ ಹೋಗ್ತಿದೆ.”

ಹನ್ನೊಂದು ವರ್ಷದಿಂದ ನಡೆದುಬಂದದ್ದು ಮಾಲೀಕರ ಸಹಿಯೊಂದಿಗೆ ಮರುದಿನ ನೋಟಿಸ್ ಬೋರ್ಡಿಗೆ ಬಂತು. ಪುಸ್ತಕದಲ್ಲೂ ಅಕ್ಕ ಕೂತರು. ಲಾಂಡ್ರಿ ಪರದೆಗಳನ್ನು ವಾಪಸ್ ಮಾಡಿ ಒಂದನ್ನು ಇಟ್ಟುಕೊಂಡಿತು. ನಮ್ಮ ಕಂಪನಿಗೆ ಬರೆದ ಪತ್ರದಲ್ಲಿ ಮಾಲೀಕರು, ಸಾಫ್ಟ್‌ವೇರ್ ಬಹಳ ಸರಳವಾಗಿದೆ, ಜನ ಅಷ್ಟು ಸರಳವಿಲ್ಲ ಎಂದಿದ್ದರು. ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಮೀಟಿಂಗಿನಲ್ಲಿ ಒಂದು ಗಂಟೆ ಚರ್ಚೆಯಾಯಿತು. ಕೊನೆಗೆ ನನಗೆ ಕೆಲಸ ಸಿಕ್ಕಿತು, ಆರು ತಿಂಗಳ ಪ್ರಯೋಗದ ಮೇಲೆ. ಸಾಫ್ಟ್‌ವೇರಿಗಿಂತ ನನ್ನನ್ನು ಹೆಚ್ಚು ಪರೀಕ್ಷಿಸಬೇಕಾಗಿದೆ ಎಂದು ಕಂಪನಿಯವರಿಗೆ ಅನ್ನಿಸಿತ್ತು.

ಹದಿನೈದು ದಿನವಾದ ಮೇಲೆ ಅಕ್ಕ ಫೋನ್ ಮಾಡಿದರು.

“ಬಟನ್ನು, ಒಂದು ತೊಂದ್ರೆ ಆಗಿದೆ.”

“ಕೆಲಸ ಮಾಡ್ತಿಲ್ವಾ ಅಕ್ಕ?”

“ಮಾಡ್ತಿದೆ, ಅದೇ ತೊಂದ್ರೆ. ಮೊದ್ಲು ನಾಲ್ಕು ಗಂಟೆ ಹಿಡೀತಿತ್ತು. ಈಗ ಮೂರಕ್ಕೆ ಕೂತ್ರೆ ಮುಕ್ಕಾಲು ಗಂಟೇಲಿ ಮುಗಿದುಹೋಗುತ್ತೆ. ಇದು ತಮ್ಮ ಯೋಚನೆ ಅಂತ ಮಾಲೀಕರಿಗೆ ಹೆಮ್ಮೆ, ದಿನಾ ಇಳಿದು ಬಂದು ನೋಡ್ತಾರೆ. ಹಬೆ ಹತ್ತದ ಕನ್ನಡಕ ಬೇರೆ ಮಾಡಿಸ್ಕೊಂಡಿದಾರೆ. ನಿನ್ನೆ ನಾನು ಸುಮ್ನೆ ಕೂತಿದ್ದೆ, ‘ಮುಗೀತಾ? ಹಾಗಾದ್ರೆ ಸ್ವಲ್ಪ ಮಡಿಸೋ ಕಡೆ ನಿಂತ್ಕೊಳಿ’ ಅಂದ್ರು. ಹತ್ತು ನಿಮಿಷ ನಿಂತೆ. ರಾತ್ರಿ ಕಾಲು ನನ್ನದಲ್ಲ ಅನ್ನಿಸ್ತು.”

ನಾನು ಲ್ಯಾಪ್‌ಟಾಪ್ ತೆರೆದೆ.

“ಅದಕ್ಕೆ ಸ್ವಲ್ಪ ಅವಸರ ಕಮ್ಮಿ ಮಾಡೋಕಾಗುತ್ತಾ? ಕೆಡಿಸ್ಬೇಡ. ಸಾವಕಾಶ ಮಾಡು ಅಷ್ಟೇ. ಏಳು ಗಂಟೆ ಹೊತ್ತಿಗೆ ಮುಗಿಯೋ ಹಾಗೆ.”

ಓದು ಶುರು ಮಾಡಿದಾಗಿನಿಂದ ಬಳಸುವವರ ಬೇಡಿಕೆ ಏನೆಂದು ಕೇಳುತ್ತಲೇ ಇದ್ದೇನೆ. ತನಗೆ ಏನು ಬೇಕೆಂದು ಇಷ್ಟು ಸ್ಪಷ್ಟವಾಗಿ ಹೇಳಿದವರು ಇವರೊಬ್ಬರೇ. ಅರ್ಧ ದಿನ ಕೂತು ಮಾಡಿದೆ. ಈಗ ಪ್ರತಿ ಮೂಟೆಯ ನಂತರ ಪರದೆಯ ನಡುವೆ ಒಂದು ಚಕ್ರ ತಿರುಗುತ್ತದೆ, ಕೆಳಗೆ ‘ಪರಿಶೀಲಿಸಲಾಗುತ್ತಿದೆ, ದಯವಿಟ್ಟು ಕುಳಿತಿರಿ’ ಎಂದು ಬರುತ್ತದೆ. ಏನನ್ನೂ ಪರಿಶೀಲಿಸುವುದಿಲ್ಲ. ಮಾಲೀಕರು ಅಕ್ಕನ ಹೆಗಲ ಮೇಲಿಂದ ಬಗ್ಗಿ ಅದನ್ನು ನೋಡಿ, ಈಗ ಸಾಫ್ಟ್‌ವೇರಿಗೆ ಒಂದು ಗಾಂಭೀರ್ಯ ಬಂದಿದೆ ಎಂದರಂತೆ. ಬೇರೆ ಗಿರಾಕಿಗಳಿಗೂ ಇದನ್ನು ಕೊಡೋಣವೇ ಎಂದು ಸ್ಟಿಕ್ಕರ್ ಸಾರ್ ಮೊನ್ನೆ ಕೇಳಿದರು.