ಕರಡಿಯ ಪಾಲು

ಒಂದು ಊರಿತ್ತು. ಊರಿನ ಬೆನ್ನಿಗೆ ಬಂಡೆಗಳ ಗುಡ್ಡ, ಗುಡ್ಡದಲ್ಲಿ ಒಂದು ಹೆಣ್ಣು ಕರಡಿ. ಜೇನು ಬಿಡಿಸಲು ಹೋದವರು ಹುಟ್ಟಿನ ಒಂದು ತುಂಡನ್ನು ಚಪ್ಪಟೆ ಬಂಡೆಯ ಮೇಲೆ ಇಟ್ಟು ಬರುತ್ತಿದ್ದರು. ಅದು ಕರಡಿಯ ಪಾಲು. ಈ ಪದ್ಧತಿ ಭಯದಿಂದ ಶುರುವಾಗಿ ಆಮೇಲೆ ಅಕ್ಕರೆಯಾಗಿರಬೇಕು; ಎಷ್ಟೋ ಪದ್ಧತಿಗಳು ಹಾಗೆಯೇ.

ಶರಣವ್ವ ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು, ತಾಯಿಯ ಬೆನ್ನ ಮೇಲೆ ಕೂತ ಕರಡಿಮರಿಯನ್ನು ನೋಡಿದ್ದಳು. ಇಬ್ಬರೂ ಹೊತ್ತವರ ಮೇಲೆಯೇ ಇದ್ದುದರಿಂದ ಅದು ತನ್ನ ಗೆಳತಿ ಎಂದು ಅವಳಿಗೆ ಅನಿಸಿತ್ತು. ಆ ಮರಿಯ ಮಗಳೋ ಮೊಮ್ಮಗಳೋ ಈಗಿನ ಕರಡಿ.

ಲೋಕದಲ್ಲಿ ಕರಡಿಗಳು ಕಡಿಮೆಯಾಗುತ್ತಿವೆ ಎಂದು ತಿಳಿದಾಗ ಅವಳೇ ಮುಂದೆ ನಿಂತು, ಊರವರನ್ನು ಕೂಡಿಸಿ ‘ಸಕಲ ಕರಡಿಗಳ ಸಭೆ’ ಕಟ್ಟಿದಳು. ಕರಡಿಗಳನ್ನು ಉಳಿಸಲು ಅವುಗಳನ್ನು ಅರಿಯಬೇಕು, ಅರಿಯಲು ಪಂಡಿತರು ಬೇಕು, ಪಂಡಿತರನ್ನು ಕಳಿಸಲು ಹಣ ಬೇಕು. ಊರಿನಲ್ಲಿ ಮಾರುವಂಥದ್ದು ಜೇನೊಂದೇ. ಸೀಸೆಗೆ ಕರಡಿಯ ಚಿತ್ರ ಅಂಟಿಸಿದರು. ಪೇಟೆಯವರು ಮುಗಿಬಿದ್ದು ಕೊಂಡರು. ಪಂಡಿತರು ಹಿಮದ ನಾಡಿಗೆ, ಬಿದಿರಿನ ಕಾಡಿಗೆ ಹೊರಟರು. ಇದು ತೋರಿಕೆಯ ಕೆಲಸವಾಗಿರಲಿಲ್ಲ. ಅಲ್ಲೆಲ್ಲ ನಿಜವಾಗಿಯೂ ಮರಿಗಳು ಉಳಿದವು.

ಒಂದು ಬೆಳಿಗ್ಗೆ ಚಪ್ಪಟೆ ಬಂಡೆ ಬರಿದಾಗಿತ್ತು. ಶರಣವ್ವ ಸಭೆಯ ಅಂಗಡಿ ನೋಡಿಕೊಳ್ಳುವ ವಿರುಪಣ್ಣನನ್ನು ಕೇಳಿದಳು.

“ಕರಡಿ ಪಾಲು ಎಲ್ಲಿ ಹೋತು?”

“ಸೀಸೆಗೆ ಹೋತ್ರಿ, ಅವ್ವಾರ. ಅದೂ ಕರಡಿ ಸಲುವಾಗೇ ಅಲ್ಲೇನ್ರಿ?”

“ಮತ್ತ ನಮ್ಮ ಕರಡಿ ಏನು ತಿನ್ನಬೇಕು?”

“ನಮ್ಮದು, ಮಂದೀದು ಅಂತ ಭೇದ ಮಾಡಬಾರದು ಅಂತ ನೀವ ಹೇಳಿದ್ರಿ.”

ಹೇಳಿದ್ದು ನಿಜ.

ಬೇಸಿಗೆಯಲ್ಲಿ ಕರಡಿ ಹಾಡಹಗಲೇ ಊರಿಗೆ ಇಳಿಯಿತು. ಪಕ್ಕೆಲುಬು ಕಾಣುತ್ತಿತ್ತು, ಬೆನ್ನ ಮೇಲೆ ಮರಿಯಿತ್ತು. ಜೇನಿನ ವಾಸನೆ ಹಿಡಿದು ಅಂಗಡಿಯ ಬಾಗಿಲಲ್ಲಿ ಕೂತಿತು. ಜನ ಬಡಿಗೆ ಹಿಡಿದು ಅಟ್ಟಿದರು. ಇನ್ನೊಮ್ಮೆ ಬಂದರೆ ಹಿಡಿದು ದೂರದ ಕಾಡಿಗೆ ಸಾಗಿಸುವುದೆಂದು ಸಭೆ ತೀರ್ಮಾನಿಸಿತು. ಗೊತ್ತಿಲ್ಲದ ಕಾಡಿನಲ್ಲಿ ಮರಿ ಬದುಕುವುದಿಲ್ಲವೆಂದು ಶರಣವ್ವನಿಗೆ ಹೆದರಿಕೆ.

ಅಂದಿನಿಂದ ಅವಳು ತನ್ನ ಹಣದಲ್ಲಿ ಸೀಸೆ ಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು ಗುಡ್ಡ ಹತ್ತತೊಡಗಿದಳು. ಬಂಡೆಯ ಮೇಲೆ ಜೇನು ಸುರಿದು ದೂರ ಕೂರುತ್ತಿದ್ದಳು. ಮೊದಲು ಮರಿ ನೆಕ್ಕುತ್ತಿತ್ತು, ಉಳಿದದ್ದನ್ನು ತಾಯಿ. ಕರಡಿ ಮತ್ತೆ ಊರಿಗೆ ಇಳಿಯಲಿಲ್ಲ.

ವರ್ಷದ ಸಭೆಯಲ್ಲಿ ವಿರುಪಣ್ಣ ಹಿಗ್ಗಿನಿಂದ ಎದ್ದು ನಿಂತ. “ಊರಾಗೂ ಜೇನಿಗೆ ಬೇಡಿಕಿ ಭಾಳ ಆಗೇತ್ರಿ. ಅದಕ್ಕ ಗುಡ್ಡಕ್ಕ ಇನ್ನಷ್ಟು ಮಂದಿ ಕಳಿಸೇವಿ.”

“ಕೊಳ್ಳಾಕಿ ನಾನೊಬ್ಬಾಕೇ, ವಿರುಪಣ್ಣ,” ಎಂದಳು ಶರಣವ್ವ. “ಕರಡಿಗೆ ವಾಪಸ್ ಕೊಡಾಕ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಕರಡಿಗಳಿಗಾಗಿ ಇಷ್ಟು ಖರ್ಚು ಮಾಡಿದವರು ಬೇರೆ ಯಾರೂ ಇಲ್ಲವೆಂದು ಅವಳಿಗೆ ಶಾಲು ಹೊದಿಸಿ, ಗುಡ್ಡದ ಕೊನೆಯ ಗೂಡಿನಿಂದ ತೆಗೆದ ಜೇನಿನ ಸೀಸೆಯನ್ನು ಕೈಗಿತ್ತರು.

ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಅವಳು ಸೀಸೆಯೊಂದಿಗೆ ಗುಡ್ಡ ಹತ್ತಿದಳು. ದಾರಿಯಲ್ಲೆಲ್ಲೂ ಜೇನುಹುಳದ ಸದ್ದಿರಲಿಲ್ಲ. ಬಂಡೆಯ ಹತ್ತಿರ ಕರಡಿ ಕಾಯುತ್ತಿತ್ತು. ಅವಳು ಜೇನು ಸುರಿದು, ಖಾಲಿ ಸೀಸೆಯನ್ನು ಪಕ್ಕದಲ್ಲಿ ಇಟ್ಟಳು. ಬಂಡೆಯ ಮೇಲಿನದು ಮುಗಿದರೂ ಮರಿಗೆ ಸಾಲಲಿಲ್ಲ. ಅದು ಸೀಸೆಯನ್ನು ತಬ್ಬಿಕೊಂಡು, ಅಂಚಿನಿಂದ ಹೊರಮೈಗೆ ಇಳಿದಿದ್ದ ಜೇನನ್ನು ನೆಕ್ಕುತ್ತಾ ನೆಕ್ಕುತ್ತಾ, ಮೇಲಿದ್ದ ಕರಡಿಯ ಚಿತ್ರವನ್ನೂ ನೆಕ್ಕಿ ಅಳಿಸಿತು.